ಮಳೆ, ಹೆದ್ದಾರಿ ಮತ್ತು ‘ನಿಲ್ಲಿಸಿ’ ಎಂಬ ಮಾತು

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



‘ಮಳೆಗಾಲದ ಪ್ರಯಾಣ’ ಎಂಬ ವಿಷಯದ ಮೇಲೆ ಮಾತಾಡಬೇಕು ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ, ಆಗುಂಬೆ, ಜೋಗ, ಬಿಸಿ ಬಜ್ಜಿ, ಕಾಫಿ ಇವೆಲ್ಲ ನೆನಪಿಗೆ ಬಂದವು. ಅವುಗಳ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ಇಲ್ಲೇ ಮೊದಲ ಸಾಲಿನಲ್ಲಿ ಕುಳಿತಿದ್ದೀರಿ. ಅದಕ್ಕೇ ನಾನು ನಮಗೆಲ್ಲ ಗೊತ್ತಿರುವ ಒಂದು ರಸ್ತೆಯನ್ನು ಆರಿಸಿಕೊಂಡೆ: ಬೆಂಗಳೂರಿನಿಂದ ಹೈದರಾಬಾದಿಗೆ ಬರುವ 44ನೇ ರಾಷ್ಟ್ರೀಯ ಹೆದ್ದಾರಿ. ಹಳಬರು ಈಗಲೂ ‘ಸೆವೆನ್’ ಎಂದೇ ಕರೆಯುವ ರಸ್ತೆ.

ನಮ್ಮಲ್ಲಿ ಒಂದು ವಿಚಿತ್ರ ಇದೆ, ಗಮನಿಸಿದ್ದೀರಾ? ಕರ್ನಾಟಕದ ಕಡೆ ಹೊರಟರೆ ‘ಊರಿಗೆ ಹೋಗ್ತಾ ಇದ್ದೀವಿ’ ಅನ್ನುತ್ತೇವೆ. ವಾಪಸು ಹೊರಟರೆ ‘ಮನೆಗೆ ಹೋಗ್ತಾ ಇದ್ದೀವಿ’ ಅನ್ನುತ್ತೇವೆ. ಊರಿಗೆ ಹೋಗುವಾಗ ಅವಸರ ಇರುವುದಿಲ್ಲ. ದಾರಿಯಲ್ಲಿ ಇಡ್ಲಿ ತಿನ್ನುತ್ತೇವೆ, ಪೆನುಕೊಂಡದ ಬೆಟ್ಟ ನೋಡುತ್ತೇವೆ, ಗುತ್ತಿಯ ಕೋಟೆಯ ಫೋಟೊ ತೆಗೆಯುತ್ತೇವೆ. ಮನೆಗೆ ಬರುವಾಗ ಮಾತ್ರ ಒಂದೇ ಧ್ಯಾನ. ನಾಳೆ ಆಫೀಸು, ಮಕ್ಕಳ ಸ್ಕೂಲು, ಫ್ರಿಜ್ಜಿನಲ್ಲಿಟ್ಟ ಹಿಟ್ಟು. ಮನೆ ಹತ್ತಿರವಾದಷ್ಟೂ ಅವಸರ ಜಾಸ್ತಿ. ಐನೂರು ಕಿಲೋಮೀಟರು ತಾಳ್ಮೆಯಿಂದ ಬಂದವರಿಗೆ ಕೊನೆಯ ಎಂಬತ್ತು ಕಿಲೋಮೀಟರಿನಲ್ಲಿ ತಾಳ್ಮೆ ಮುಗಿದುಹೋಗುತ್ತದೆ. ನಾನು ಹೇಳಬೇಕಾಗಿರುವುದು ಆ ಕೊನೆಯ ಎಂಬತ್ತು ಕಿಲೋಮೀಟರಿನ ಬಗ್ಗೆ.

ಮೊದಲು ಈ ರಸ್ತೆಗೂ ನೀರಿಗೂ ಇರುವ ನಂಟು ನೋಡೋಣ. ಬೆಂಗಳೂರು ಬಿಟ್ಟು ದೇವನಹಳ್ಳಿ ದಾಟಿದರೆ ನಂದಿ ಬೆಟ್ಟದ ಸೀಮೆ. ಉತ್ತರ ಪಿನಾಕಿನಿ ಹುಟ್ಟುವುದು ಅಲ್ಲಿ. ಬಾಗೇಪಲ್ಲಿಯ ಬಳಿ ಚಿತ್ರಾವತಿ. ಆಮೇಲೆ ಅನಂತಪುರ, ಗುತ್ತಿ, ಡೋನ್ ಎಲ್ಲ ಒಣ ಸೀಮೆ. ಕರ್ನೂಲಿನಲ್ಲಿ ತುಂಗಭದ್ರೆ ಸಿಗುತ್ತಾಳೆ. ಅವಳನ್ನು ದಾಟಿದರೆ ತೆಲಂಗಾಣ. ಇನ್ನೊಂದಿಷ್ಟು ದೂರ ಬಂದರೆ ಬೀಚುಪಲ್ಲಿಯಲ್ಲಿ ಕೃಷ್ಣೆ. ಎರಡೂ ನಮ್ಮ ಕಡೆಯಿಂದ ಬಂದ ನೀರೇ. ಸೇತುವೆ ಬಂದಾಗ ನಮ್ಮ ಅತ್ತೆಯವರು ಈಗಲೂ ಕೈಮುಗಿದು ಒಂದು ನಾಣ್ಯ ಹಾಕುತ್ತಾರೆ.

ಮಳೆಗಾಲ ಬಂತೆಂದರೆ ನಮಗೆ ಭಯ ಇರುವುದು ಇಂಥ ದೊಡ್ಡ ನದಿಗಳದ್ದು. ಆ ಭಯಕ್ಕೆ ಕಾರಣವೂ ಇದೆ. 2009ರ ಅಕ್ಟೋಬರ್ ಮೊದಲ ವಾರದಲ್ಲಿ ಕರ್ನೂಲು ಮುಳುಗಿದ್ದನ್ನು, ಬೆಂಗಳೂರು ರಸ್ತೆ ಕಡಿದುಹೋಗಿದ್ದನ್ನು ಇಲ್ಲಿ ಅನೇಕರು ಕಂಡಿದ್ದೀರಿ. ಅದೇ ಮಳೆಗೆ ಉತ್ತರ ಕರ್ನಾಟಕದಲ್ಲೂ ಹಳ್ಳಿಗೆ ಹಳ್ಳಿಯೇ ನೆಲಕಚ್ಚಿತ್ತು. ಆದರೆ ನದಿಯ ವಿಷಯದಲ್ಲಿ ಒಂದು ಅನುಕೂಲ ಇದೆ. ನದಿ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಹೆಸರಿದೆ, ಅದರ ಮೇಲೆ ಎತ್ತರದ ಸೇತುವೆ ಇದೆ, ಎಷ್ಟು ನೀರು ಬಿಟ್ಟರು ಎಂದು ಟಿವಿಯಲ್ಲಿ ಹೇಳುತ್ತಾರೆ. ಹೆಸರಿಲ್ಲದ ಹಳ್ಳ, ರಸ್ತೆಯ ಕೆಳಗೆ ಎರಡು ಪೈಪಿಟ್ಟು ದಾಟಿಸಿದ ಮೋರಿ, ಕಾಂಪೌಂಡುಗಳ ಹಿಂದೆ ಮರೆಯಾದ ಕೆರೆ, ಇವು ಯಾವುವೂ ಕಾರಿನಲ್ಲಿ ಕುಳಿತವರಿಗೆ ಕಾಣುವುದಿಲ್ಲ. ಅಪಾಯ ಹೆಚ್ಚು ಇರುವುದು ಅಲ್ಲಿ.

2020ರ ಅಕ್ಟೋಬರ್ 13, ಮಂಗಳವಾರ. ಆ ತಾರೀಖನ್ನು ಹೈದರಾಬಾದಿನವರು ಯಾರೂ ಮರೆತಿರಲಿಕ್ಕಿಲ್ಲ. ಆ ವರ್ಷ ಅಧಿಕ ಮಾಸ ಬಂದಿದ್ದರಿಂದ ನವರಾತ್ರಿ ತಡವಾಗಿತ್ತು, 17ಕ್ಕೆ ಶುರು. ಬೆಂಗಳೂರಿನಲ್ಲಿ ನಮ್ಮ ಅಮ್ಮ, ‘ನನಗೆ ಇನ್ನು ಮೆಟ್ಟಿಲು ಜೋಡಿಸೋಕೆ ಆಗಲ್ಲ, ಗೊಂಬೆ ನೀನೇ ತೊಗೊಂಡು ಹೋಗು’ ಅಂದಿದ್ದರು. ಕೊರೊನಾ ಕಾಲ. ಮಾರ್ಚಿನಿಂದ ಅಮ್ಮನ ಮುಖ ನೋಡಿರಲಿಲ್ಲ. ಓಡಾಟ ಸ್ವಲ್ಪ ಸಲೀಸಾದ ಮೇಲೆ ಕಾರಿನಲ್ಲೇ ಹೋಗಿ, ನಾಲ್ಕು ದಿನ ಇದ್ದು, ಪಟ್ಟದ ಗೊಂಬೆಯಿಂದ ಹಿಡಿದು ಶೆಟ್ಟರ ಅಂಗಡಿಯ ತನಕ ಎಲ್ಲವನ್ನೂ ಅಮ್ಮನ ಹಳೇ ಕಾಟನ್ ಸೀರೆಗಳಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಂಡು ಹೊರಟೆವು. ನಾನು, ನಮ್ಮ ಮನೆಯವರು, ಮಗಳು, ಎಪ್ಪತ್ತಾರು ವರ್ಷದ ಅತ್ತೆ.

ಬುತ್ತಿ ಕಟ್ಟುವುದು, ಅಮ್ಮನ ಕಣ್ಣೀರು, ನನ್ನ ಕಣ್ಣೀರು, ಇದರಲ್ಲಿ ಹೊರಟಾಗ ಎಂಟು ಗಂಟೆ. ಅನಂತಪುರದ ತನಕ ನಾನು ಓಡಿಸಿದೆ. ಒಳ್ಳೆ ಬಿಸಿಲು. ಅಲ್ಲಿಂದ ಮುಂದೆ ನಮ್ಮವರು ಕುಳಿತರು. ಡೋನ್ ದಾಟುವಾಗ ಉತ್ತರದ ಆಕಾಶ ಇದ್ದಿಲಿನ ಹಾಗೆ ಕಪ್ಪಗಿತ್ತು. ಕರ್ನೂಲಿನಲ್ಲಿ ಕಾರು ನಿಲ್ಲಿಸಿ ಪುಳಿಯೋಗರೆ, ಮೊಸರನ್ನ ತಿಂದು ಸೇತುವೆ ದಾಟುವಷ್ಟರಲ್ಲಿ ಮಳೆ ಹಿಡಿಯಿತು.

ಆ ದಿನ ಬೆಳಗ್ಗೆಯೇ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಬಳಿ ತೀರ ದಾಟಿ ತೆಲಂಗಾಣದ ಮೇಲೆ ಬರುತ್ತಿತ್ತು. ಅಂದರೆ ನಾವು ದಕ್ಷಿಣದಿಂದ ಅದರ ಕಡೆಗೆ ಹೋಗುತ್ತಿದ್ದೆವು, ಅದು ಪೂರ್ವದಿಂದ ನಮ್ಮ ಕಡೆಗೆ ಬರುತ್ತಿತ್ತು. ನಿಂತರೆ ಮಳೆ ಮುಂದೆ ಹೋಗುತ್ತದೆ, ಓಡಿಸಿದರೆ ಮಳೆಯೊಳಗೆ ನಾವೇ ಹೋಗುತ್ತೇವೆ. ಇದು ಕಾಗದದ ಮೇಲೆ ಗೆರೆ ಎಳೆದರೆ ಚಿಕ್ಕ ಮಕ್ಕಳಿಗೂ ಅರ್ಥವಾಗುವ ಲೆಕ್ಕ. ಆದರೆ ಕಾರಿನೊಳಗೆ ಕುಳಿತಾಗ ಯಾರೂ ಗೆರೆ ಎಳೆಯುವುದಿಲ್ಲ. ‘ಮುಂದೆ ಹೋದರೆ ಕಡಿಮೆ ಆಗಬಹುದು’ ಅನ್ನುವುದೇ ಎಲ್ಲರ ಲೆಕ್ಕ.

ಕೊತ್ತಕೋಟ ದಾಟಿದ ಮೇಲೆ ಮೂರು ವಿಷಯ ನನ್ನ ಗಮನಕ್ಕೆ ಬಂದವು. ವೈಪರ್ ಅತಿ ವೇಗದಲ್ಲಿ ಆಡುತ್ತಿದ್ದರೂ ಒಂದು ಕ್ಷಣ ಮಾತ್ರ ರಸ್ತೆ ಕಾಣುತ್ತಿತ್ತು, ಮರುಕ್ಷಣ ಬರೀ ಬಿಳಿ ತೆರೆ. ಎರಡನೆಯದು, ರಸ್ತೆ ತಗ್ಗಾದ ಕಡೆ ಕಾರು ಹಗುರವಾದ ಹಾಗೆ, ಸ್ಟೀರಿಂಗ್ ಯಾರೋ ಬಿಟ್ಟ ಹಾಗೆ ಅನ್ನಿಸಿತು. ಇದಕ್ಕೆ ಹೆಸರು ಆಕ್ವಾಪ್ಲೇನಿಂಗ್, ಆಮೇಲೆ ವಿವರಿಸುತ್ತೇನೆ. ಮೂರನೆಯದು, ಲಾರಿಗಳು. ಢಾಬಾಗಳ ಮುಂದೆ ಒಂದರ ಹಿಂದೆ ಒಂದು ಲಾರಿ ನಿಂತಿದ್ದವು. ಊಟದ ಹೊತ್ತೂ ಅಲ್ಲ, ಮಲಗುವ ಹೊತ್ತೂ ಅಲ್ಲ. ದಿನಾ ಇದೇ ರಸ್ತೆಯಲ್ಲಿ ಹೊಟ್ಟೆ ಹೊರೆಯುವವರು, ತಡವಾದರೆ ಮಾಲೀಕರಿಂದ ಬೈಸಿಕೊಳ್ಳುವವರು, ಅವರೇ ನಿಂತಿದ್ದಾರೆ ಅಂದರೆ ಅದಕ್ಕೊಂದು ಅರ್ಥ ಇದೆ.

ಸಂಜೆ ಐದೂವರೆಗೆ ಜಡ್ಚರ್ಲಾ ಬಂತು. ಅಲ್ಲಿಂದ ಹೈದರಾಬಾದಿಗೆ ಸುಮಾರು 85 ಕಿಲೋಮೀಟರು. ನಾನು, ‘ಇಲ್ಲೇ ಉಳಿದುಕೊಳ್ಳೋಣ’ ಅಂದೆ. ನಮ್ಮವರು, ‘ಇಷ್ಟು ದೂರ ಬಂದು? ಇನ್ನು ಎರಡು ಗಂಟೆ ಸಾಕು’ ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಅದು ಲಸಿಕೆ ಇಲ್ಲದ ಕಾಲ. ಎಪ್ಪತ್ತಾರರ ತಾಯಿಯನ್ನು ಯಾವುದೋ ಗುರುತಿಲ್ಲದ ಲಾಡ್ಜಿನಲ್ಲಿ, ಯಾರೋ ಮಲಗಿ ಎದ್ದ ಹಾಸಿಗೆಯ ಮೇಲೆ ಹೇಗೆ ಮಲಗಿಸುವುದು? ಮಳೆಯ ಭಯ ದೊಡ್ಡದೋ, ರೋಗದ ಭಯ ದೊಡ್ಡದೋ? ಅತ್ತಾಪುರದ ನಮ್ಮ ಮನೆಯ ಪಕ್ಕದವರಿಗೆ ಫೋನ್ ಮಾಡಿದರೆ, ‘ಇಲ್ಲೂ ಜೋರಾಗಿದೆ, ಆದರೆ ಗಾಡಿಗಳು ಓಡಾಡ್ತಿವೆ, ಬಂದುಬಿಡಿ’ ಅಂದರು. ಅವರು ಹೇಳಿದ್ದೂ ನಿಜವೇ. ಆಗ ಗಾಡಿಗಳು ಓಡಾಡುತ್ತಲೇ ಇದ್ದವು.

ಇದನ್ನೆಲ್ಲ ಕೇಳುತ್ತ ಹಿಂದೆ ಕುಳಿತಿದ್ದ ಅತ್ತೆ ಬಾಯಿಬಿಟ್ಟರು. ಅವರು ರಾಯಚೂರಿನವರು. ರಾಯಚೂರಿನ ರಸ್ತೆ ಮಹಬೂಬ್‌ನಗರದ ಮೇಲೆ ಬಂದು ಹೆದ್ದಾರಿಗೆ ಸೇರುವುದು ಜಡ್ಚರ್ಲಾದಲ್ಲೇ. ಅವರಿಗೆ ಅದು ಪರ ಊರಲ್ಲ. ‘ಇಲ್ಲೇ ನಿಂದ್ರಸಪ್ಪ. ಲಾರಿಯವ್ರು ಸುಮ್ನೆ ನಿಂದ್ರಂಗಿಲ್ಲ. ಮನಿ ಎಲ್ಲಿಗೂ ಓಡಿ ಹೋಗಂಗಿಲ್ಲ, ನಾಳೆ ಹೋದ್ರಾತು’ ಅಂದರು. ನಮ್ಮವರು, ‘ಅವ್ವಾ, ನಿನ್ನ ಸಲುವಾಗೇ ಹೇಳಾಕತ್ತೀನಿ’ ಅಂದರು. ಅದಕ್ಕೆ ಅತ್ತೆ, ‘ನನ್ನ ಸಲುವಾಗೇ ನಿಂದ್ರಸು’ ಅಂದರು. ಮಾತು ಮುಗಿಯಿತು.

ಒಂದು ಸಣ್ಣ ಲಾಡ್ಜು ಸಿಕ್ಕಿತು. ಎರಡು ಕೋಣೆ ತೆಗೆದುಕೊಂಡೆವು. ಬಾಗಿಲ ಹಿಡಿ, ನಲ್ಲಿ, ಸ್ವಿಚ್ಚು ಎಲ್ಲ ಸ್ಯಾನಿಟೈಸರಿನಲ್ಲಿ ಒರೆಸಿದೆ. ಅವರ ಹಾಸಿಗೆ ಬಟ್ಟೆ ಮಡಚಿ ಪಕ್ಕಕ್ಕಿಟ್ಟು, ಡಿಕ್ಕಿಯಿಂದ ಗೊಂಬೆಗಳನ್ನು ಬಿಚ್ಚಿ ಅಮ್ಮನ ಸೀರೆಗಳನ್ನೇ ಹಾಸಿದೆ. ರಾಜ, ರಾಣಿ, ಶೆಟ್ಟರು ಅಂದು ರಾತ್ರಿ ಬರೀ ಪೇಪರು ಸುತ್ತಿಕೊಂಡು ಮಲಗಿದರು. ಉಳಿದ ಚಪಾತಿಗೆ ಅಮ್ಮ ಕೊಟ್ಟ ಗೊಜ್ಜು. ಒಂಬತ್ತು ಗಂಟೆಗೆ ಕರೆಂಟು ಹೋಯಿತು.

ರಾತ್ರಿ ಹತ್ತರ ಮೇಲೆ ಫೋನಿಗೆ ಬರತೊಡಗಿದ ವಿಡಿಯೊಗಳನ್ನು ನೀವೂ ನೋಡಿದ್ದೀರಿ. ಶಂಶಾಬಾದಿನಿಂದ ಆರಾಂಘರ್ ಕಡೆ ಬರುವಾಗ ಗಗನ್‌ಪಹಾಡ್ ಸಿಗುತ್ತದಲ್ಲ, ಅಲ್ಲಿ ಹೆದ್ದಾರಿಯ ಪಕ್ಕದ ಅಪ್ಪ ಚೆರುವು ಒಡೆದು ನೀರು ರಸ್ತೆಯ ಮೇಲೆ ನುಗ್ಗಿತು. ಕಾರುಗಳು, ಬೈಕುಗಳು ಕೊಚ್ಚಿಹೋದವು. ಜೀವಗಳೂ ಹೋದವು. ಅದು ನಾವು ಅತ್ತಾಪುರಕ್ಕೆ ಹೋಗುವ ದಾರಿ. ಬೇರೆ ದಾರಿ ಹಿಡಿಯುವ ಯೋಚನೆಯೂ ನಮಗಿರಲಿಲ್ಲ.

ಗೆಳತಿಯರೇ, ಇಲ್ಲಿ ನಾನು ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ‘ನಾವು ನಿಂತೆವು, ಆದ್ದರಿಂದ ಬದುಕಿದೆವು’ ಎಂದು ನಾನು ಹೇಳುತ್ತಿಲ್ಲ. ಆ ಹೊತ್ತಿಗೆ ಮುಂಚೆಯೇ ನಾವು ಅಲ್ಲಿ ದಾಟಿ ಮನೆ ಸೇರಿರಲೂಬಹುದಿತ್ತು. ಇನ್ನೂ ಮುಖ್ಯವಾದ್ದು: ಅಲ್ಲಿ ಸಿಕ್ಕಿಬಿದ್ದವರು ನಮಗಿಂತ ಕಡಿಮೆ ಬುದ್ಧಿಯವರಲ್ಲ. ಕೆಲಸ ಮುಗಿಸಿ ಮನೆಗೆ ಹೊರಟ ಜನ ಅವರು. ದಿನಾ ಹೋಗುವ ದಾರಿ. ರಸ್ತೆಯ ಮೇಲೆ ಕುಳಿತವರಿಗೆ ಕೆರೆ ಏರಿಯ ಆಚೆ ನೀರು ಎಷ್ಟು ಬಂದಿದೆ ಎಂದು ಹೇಗೆ ಗೊತ್ತಾಗಬೇಕು? ನೀರು ಕಂಡಾಗ ಅವರು ನೀರಿನ ನಡುವೆ ಇದ್ದರು. ಹಿಂದೆಯೂ ಗಾಡಿ, ಮುಂದೆಯೂ ಗಾಡಿ. ಅಲ್ಲಿ ನಿಲ್ಲುವುದಕ್ಕೂ ಜಾಗವಿಲ್ಲ, ತಿರುಗುವುದಕ್ಕೂ ಜಾಗವಿಲ್ಲ. ನಿಲ್ಲುವ ನಿರ್ಧಾರ ಕೈಯಲ್ಲಿರುವುದು ನೀರು ಕಾಣುವ ಮೊದಲು ಮಾತ್ರ. ಇವತ್ತಿನ ನನ್ನ ಮಾತಿನ ಸಾರ ಇಷ್ಟೇ.

ಮರುದಿನ ಬೆಳಗ್ಗೆ ಲೆಕ್ಕ ಬಂತು. ಬೇಗಂಪೇಟೆಯಲ್ಲಿ 24 ಗಂಟೆಯಲ್ಲಿ 19.2 ಸೆಂಟಿಮೀಟರ್ ಮಳೆ. ಅಕ್ಟೋಬರ್ ತಿಂಗಳಿನಲ್ಲಿ ಹೈದರಾಬಾದು ನೂರು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಕಾಣದ ಮಳೆ ಅದು. ಹಿಮಾಯತ್ ಸಾಗರದ ಗೇಟು ತೆರೆದಿದ್ದರು. ತೆಲಂಗಾಣದಲ್ಲಿ ಸತ್ತವರ ಸಂಖ್ಯೆ ಕೊನೆಗೆ 50 ದಾಟಿತು. ಅದೇ ಕುಸಿತ ಪಶ್ಚಿಮಕ್ಕೆ ಹೋಗಿ ಕಲಬುರಗಿ, ವಿಜಯಪುರದ ಕಡೆ ಸುರಿದು, ಭೀಮೆ ಉಕ್ಕಿ, ನಮ್ಮಲ್ಲೇ ಅನೇಕರ ತವರಿನ ಹೊಲಗಳು ತೊಗರಿ ಸಮೇತ ಮುಳುಗಿದವು. ನಾವು ಇನ್ನೊಂದು ರಾತ್ರಿ ಅಲ್ಲೇ ಇದ್ದು, 15ನೇ ತಾರೀಖು ಹೊರವರ್ತುಲ ರಸ್ತೆಯಲ್ಲಿ ಸುತ್ತು ಹಾಕಿ ಮನೆ ಸೇರಿದೆವು. ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಮೊಣಕಾಲುದ್ದ ನೀರು ಇನ್ನೂ ಇತ್ತು.

ಜಡ್ಚರ್ಲಾದ ಆ ಕತ್ತಲಲ್ಲಿ ಅತ್ತೆ ತಮ್ಮ ಅಜ್ಜಿಯಿಂದ ಕೇಳಿದ ‘ತುಗಿಯಾನಿ’ಯ ಕತೆ ಹೇಳಿದ್ದರು. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹಕ್ಕೆ ಹಳೇ ಹೈದರಾಬಾದಿನ ಹೆಸರು ಅದು. ‘ಊರು ಇನ್ನೂ ಮಕ್ಕೊಂಡಿತ್ತಂತ, ನೀರು ಬಂತಂತ’ ಅನ್ನುತ್ತಿದ್ದರಂತೆ. ಸಾವಿರಾರು ಜನ ಹೋದರು. ಆಮೇಲೆ ನಿಜಾಮರ ಸರ್ಕಾರ ಯಾರನ್ನು ಕರೆಸಿತು ಎಂಬುದು ಕನ್ನಡಿಗರಾದ ನಮಗೆಲ್ಲ ಹೆಮ್ಮೆಯ ವಿಷಯ. ಮುಂಬಯಿ ಸರ್ಕಾರದ ಕೆಲಸ ಬಿಟ್ಟು ಯುರೋಪಿನಲ್ಲಿ ಪ್ರವಾಸದಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ಕರೆ ಹೋಯಿತು. 1909ರಲ್ಲಿ ಅವರು ಇಲ್ಲಿಗೆ ಬಂದರು.

ಅವರು ಮೊದಲು ಮಾಡಿದ್ದು ಮಳೆಯ ಲೆಕ್ಕ. ಸುತ್ತಲಿನ ಮಳೆಮಾಪಕಗಳ ಅಂಕಿಗಳನ್ನು ಸೇರಿಸಿದರು. ಅದರಲ್ಲಿ ಶಂಶಾಬಾದಿನ ಅಂಕಿ ಇದೆ: 24 ಗಂಟೆಯಲ್ಲಿ ಸುಮಾರು 13 ಅಂಗುಲ, 48 ಗಂಟೆಯಲ್ಲಿ ಸುಮಾರು 19 ಅಂಗುಲ. ಹೌದು, ನಾವು ಮನೆಗೆ ಬರುವಾಗ ದಾಟುವ ಅದೇ ಶಂಶಾಬಾದು. ಆಮೇಲೆ ಕೆರೆಗಳನ್ನು ಎಣಿಸಿದರು. ಮೂಸಿಯ ಜಲಾನಯನ ಪ್ರದೇಶದಲ್ಲಿ 788 ಕೆರೆ, ಆ ಮಳೆಗೆ ಅವುಗಳಲ್ಲಿ ಒಡೆದದ್ದು 221. ಮೇಲಿನ ಕೆರೆ ಒಡೆದರೆ ಆ ನೀರು ಕೆಳಗಿನ ಕೆರೆಗೆ, ಅದು ಒಡೆದರೆ ಇನ್ನೂ ಕೆಳಗೆ. ಊರಿಗೆ ಬಂದದ್ದು ಬರೀ ಮಳೆಯ ನೀರಲ್ಲ, ಅಷ್ಟೂ ಕೆರೆಗಳ ಕೂಡಿಟ್ಟ ನೀರು.

ಅವರು ಕೊಟ್ಟ ಪರಿಹಾರ ಏನು? ನೀರು ಊರಿಗೆ ಬಂದ ಮೇಲೆ ಎದುರಿಸುವುದು ಕಷ್ಟ, ಊರಿನ ಮೇಲ್ಗಡೆಯೇ ಅದನ್ನು ತಡೆದು ನಿಲ್ಲಿಸಿ ಸ್ವಲ್ಪ ಸ್ವಲ್ಪ ಬಿಡಬೇಕು ಎಂದರು. ಅದರಿಂದಲೇ ಮೂಸಿಗೆ ಉಸ್ಮಾನ್ ಸಾಗರ, ಅಂದರೆ ನಮ್ಮ ಗಂಡಿಪೇಟ, 1920ರಲ್ಲಿ ಆಯಿತು. ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಆಯಿತು. ಅಷ್ಟು ದೊಡ್ಡವರ ಯೋಜನೆಯನ್ನು ನಮ್ಮ ಕಾರಿಗೆ ಹೋಲಿಸುವುದು ಅತಿಯಾಯಿತೇನೋ. ಆದರೂ ನನಗೆ ಎರಡರಲ್ಲಿ ಕಾಣುವುದು ಒಂದೇ ಬುದ್ಧಿ. ಎದುರಿಗೆ ಬಂದ ಮೇಲೆ ಹೋರಾಡುವುದಕ್ಕಿಂತ, ಬರುವ ಮುಂಚೆ ತಡೆದು ನಿಲ್ಲುವುದು.

ಈಗ ಕೈಗೆ ಬರುವ ನಾಲ್ಕು ಮಾತು. ಓಡಿಸುವವರಿಗೂ, ಪಕ್ಕದಲ್ಲಿ ಕೂರುವವರಿಗೂ.

ಮೊದಲನೆಯದು ಟೈರು. ಟೈರಿನ ಗೀರುಗಳು ಇರುವುದೇ ನೀರನ್ನು ಪಕ್ಕಕ್ಕೆ ತಳ್ಳುವುದಕ್ಕೆ. ಗೀರು ಸವೆದಿದ್ದರೆ, ವೇಗ ಹೆಚ್ಚಿದ್ದರೆ, ಟೈರಿಗೂ ರಸ್ತೆಗೂ ನಡುವೆ ನೀರಿನ ಪದರ ಸೇರಿಕೊಂಡು ಕಾರು ತೇಲುತ್ತದೆ. ಆಕ್ವಾಪ್ಲೇನಿಂಗ್ ಅಂದರೆ ಇದೇ. ಆಗ ಬ್ರೇಕ್ ಗಟ್ಟಿಯಾಗಿ ಒತ್ತಬಾರದು, ಸ್ಟೀರಿಂಗ್ ಎಳೆಯಬಾರದು. ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ತೆಗೆದು, ಸ್ಟೀರಿಂಗ್ ನೇರ ಹಿಡಿದು, ಟೈರು ಮತ್ತೆ ನೆಲ ಹಿಡಿಯುವ ತನಕ ಕಾಯಬೇಕು. ಕಾನೂನಿನ ಪ್ರಕಾರ ಗೀರಿನ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು. ಅಳೆಯುವ ಸಾಧನ ಬೇಡ. ಗೀರಿನೊಳಗೆ ಅಲ್ಲಲ್ಲಿ ಸಣ್ಣ ರಬ್ಬರಿನ ಉಬ್ಬು ಇರುತ್ತದೆ. ಟೈರು ಸವೆದು ಆ ಉಬ್ಬಿಗೆ ಸಮವಾದರೆ ಅದರ ಆಯುಸ್ಸು ಮುಗಿಯಿತು. ಊರಿಗೆ ಹೊರಡುವ ಮುಂಚೆ ಬಗ್ಗಿ ನೋಡುವುದಕ್ಕೆ ಎರಡು ನಿಮಿಷ ಸಾಕು, ಮತ್ತು ಅದು ಗಂಡಸರೇ ಮಾಡಬೇಕಾದ ಕೆಲಸ ಎಂದು ಎಲ್ಲೂ ಬರೆದಿಲ್ಲ.

ಎರಡನೆಯದು ದೀಪ. ಜೋರು ಮಳೆಯಲ್ಲಿ ಹಗಲೇ ಆದರೂ ಹೆಡ್‌ಲೈಟ್ ಹಾಕಿ, ಲೋ ಬೀಮಿನಲ್ಲಿ. ಅದು ನಮಗೆ ರಸ್ತೆ ಕಾಣಲಿ ಎಂದಷ್ಟೇ ಅಲ್ಲ, ಬೇರೆಯವರಿಗೆ ನಾವು ಕಾಣಲಿ ಎಂದು. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ನಿಂತ ಗಾಡಿಯ ಗುರುತು. ಹಾಗೆ ಮಿನುಗಿಸುತ್ತ ಓಡಿದರೆ ನೀವು ಎಡಕ್ಕೆ ಹೋಗುತ್ತೀರೋ ಬಲಕ್ಕೋ ಹಿಂದಿನವರಿಗೆ ತಿಳಿಯುವುದಿಲ್ಲ. ಗಾಜಿಗೆ ಮಂಜು ಕಟ್ಟಿದರೆ ಬಟ್ಟೆಯಿಂದ ಒರೆಸುತ್ತ ಕೂರಬೇಡಿ, ಎಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ.

ಮೂರನೆಯದು ಹರಿಯುವ ನೀರು. ಒಂದು ಅಡಿ ನೀರು ಜೋರಾಗಿ ಹರಿಯುತ್ತಿದ್ದರೆ ಸಣ್ಣ ಕಾರು ತೇಲಬಹುದು. ಎರಡು ಅಡಿ ಇದ್ದರೆ ದೊಡ್ಡ ಗಾಡಿಯನ್ನೂ ಎಳೆದುಕೊಂಡು ಹೋಗಬಲ್ಲದು. ಕೆಂಪು ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ. ಮುಂದಿನ ಬಸ್ಸು ದಾಟಿತು ಎಂದು ನಾವು ಹೊರಡಬಾರದು, ಬಸ್ಸಿನ ಎತ್ತರ ಬೇರೆ, ತೂಕ ಬೇರೆ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಒಳಗೆ ನೀರು ಸೇರಿ ಎಂಜಿನ್ನೇ ಹಾಳಾಗುತ್ತದೆ, ಸಾಮಾನ್ಯ ವಿಮೆಯಲ್ಲಿ ಅದಕ್ಕೆ ದುಡ್ಡು ಸಿಗುವುದು ಕಷ್ಟ. ನೀರು ಏರುತ್ತಿದ್ದರೆ ಕಾರಿನ ಆಸೆ ಬಿಟ್ಟು ಇಳಿದು ಎತ್ತರದ ಜಾಗಕ್ಕೆ ಹೋಗಿ. ಎರಡು ನಂಬರು ಫೋನಿನಲ್ಲಿರಲಿ: ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ಎಲ್ಲ ತುರ್ತಿಗೂ 112.

ನಾಲ್ಕನೆಯದೇ ನನ್ನ ಮುಖ್ಯ ಮಾತು. ನಿಲ್ಲಿಸಿ ಎಂದು ಹೇಳುವುದು ಯಾರು?

ನಮ್ಮ ಮನೆಗಳಲ್ಲಿ ಹೆಂಗಸರು ‘ಸ್ವಲ್ಪ ನಿಧಾನ’ ಅಂದರೆ ನಗುತ್ತಾರೆ. ‘ಇವಳಿಗೆ ಎಲ್ಲಕ್ಕೂ ಭಯ’ ಅನ್ನುತ್ತಾರೆ. ಹತ್ತು ಸಲ ಹಾಗೆ ಕೇಳಿಸಿಕೊಂಡವಳು ಹನ್ನೊಂದನೇ ಸಲ ಬಾಯಿಮುಚ್ಚಿಕೊಂಡು ದೇವರ ನಾಮ ಹೇಳಿಕೊಳ್ಳುತ್ತಾಳೆ. ಅವಳ ಆ ಮೌನ ಅಪಾಯಕಾರಿ. ಓಡಿಸುವವರ ಕಣ್ಣು ಮುಂದಿನ ಇಪ್ಪತ್ತು ಅಡಿಯ ಮೇಲೆ ಇರುತ್ತದೆ. ಪಕ್ಕದಲ್ಲಿ, ಹಿಂದೆ ಕುಳಿತವರಿಗೆ ಸಾಲಾಗಿ ನಿಂತ ಲಾರಿ ಕಾಣುತ್ತದೆ, ಗದ್ದೆಯಲ್ಲಿ ನೀರು ರಸ್ತೆಯ ಮಟ್ಟಕ್ಕೆ ಬಂದದ್ದು ಕಾಣುತ್ತದೆ, ಫೋನಿನಲ್ಲಿ ಹವಾಮಾನದ ಎಚ್ಚರಿಕೆ ಕಾಣುತ್ತದೆ. ಕಂಡದ್ದನ್ನು ಹೇಳುವುದು ಅಂಜುಬುರುಕುತನ ಹೇಗಾದೀತು?

ಆ ಪ್ರಯಾಣದ ನಂತರ ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು. ಕಾರಿನಲ್ಲಿ ಯಾರು, ಮಗುವೇ ಇರಲಿ, ಮುದುಕರೇ ಇರಲಿ, ‘ನಿಲ್ಲಿಸಿ’ ಅಂದರೆ ಮುಂದೆ ಸಿಗುವ ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಪೆಟ್ರೋಲ್ ಬಂಕೋ, ಹೋಟೆಲೋ, ಟೋಲಿನ ಪಕ್ಕದ ಜಾಗವೋ ಆಗಬಹುದು, ಹೆದ್ದಾರಿಯ ಅಂಚು ಬೇಡ. ಚರ್ಚೆ ಏನಿದ್ದರೂ ನಿಂತ ಮೇಲೆ. ನಿಯಮದ ಎರಡನೇ ಭಾಗ ಇನ್ನೂ ಕಷ್ಟದ್ದು: ಆಮೇಲೆ ಏನೂ ಆಗದಿದ್ದರೆ ‘ನಿನ್ನಿಂದ ಸುಮ್ಮನೆ ನಿಂತೆವು’ ಎಂದು ಯಾರೂ ಅನ್ನಬಾರದು.

ಯಾಕೆಂದರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಎರಡು ವರ್ಷದ ಮೇಲೆ ಇದೇ ದಾರಿಯಲ್ಲಿ ಮಗಳು ‘ನಿಲ್ಲಿಸಿ’ ಅಂದಳು. ಪೆಬ್ಬೇರಿನ ಹತ್ತಿರ ನಿಲ್ಲಿಸಿದೆವು. ಅರ್ಧ ಗಂಟೆಯಲ್ಲಿ ಮಳೆ ನಿಂತು ಬಿಸಿಲು ಬಂತು! ನಮ್ಮವರು ಏನೂ ಅನ್ನಲಿಲ್ಲ, ಇನ್ನೊಂದು ಚಹಾ ತರಿಸಿದರು ಅಷ್ಟೇ. ಆ ಚಹಾದ ಬೆಲೆ ದೊಡ್ಡದು. ಅವತ್ತು ಅವಳನ್ನು ಗೇಲಿ ಮಾಡಿದ್ದರೆ, ನಿಜವಾಗಿ ಹೇಳಬೇಕಾದ ದಿನ ಅವಳು ಹೇಳುತ್ತಿರಲಿಲ್ಲ. ಈಗ ಅವಳೇ ಲೈಸೆನ್ಸ್ ತೆಗೆದುಕೊಂಡಿದ್ದಾಳೆ. ನಾಳೆ ಗೆಳತಿಯರ ಜೊತೆ ಹೊರಡುವಾಗ ಅವಳ ಬಾಯಲ್ಲಿ ಆ ಮಾತು ಸಲೀಸಾಗಿ ಬರಲಿ ಎಂಬುದೇ ನನ್ನ ಆಸೆ.

ಸ್ವಂತ ಕಾರು ಇಲ್ಲದವರು, ಬಸ್ಸಿನಲ್ಲಿ, ಬಾಡಿಗೆ ಗಾಡಿಯಲ್ಲಿ ಹೋಗುವವರು ನಮ್ಮಲ್ಲಿ ಹೆಚ್ಚು. ಬಾಡಿಗೆ ಗಾಡಿ ಗೊತ್ತು ಮಾಡುವಾಗಲೇ, ‘ಮಳೆ ಬಂದರೆ ನಿಲ್ಲಿಸಬೇಕಾಗುತ್ತದೆ, ತಡವಾದರೆ ಅದರ ದುಡ್ಡು ಕೊಡುತ್ತೇವೆ’ ಎಂದು ಹೇಳಿಬಿಡಿ. ಡ್ರೈವರು ಓಡಿಸುವುದು ಅವಸರಕ್ಕಲ್ಲ, ಮರುದಿನದ ಬಾಡಿಗೆ ತಪ್ಪೀತು ಎಂಬ ಚಿಂತೆಗೆ. ವಾಯುಭಾರ ಕುಸಿತದ ಎಚ್ಚರಿಕೆ ಇದ್ದ ದಿನ ಒಂದು ದಿನ ತಡವಾಗಿ ಹೊರಡಿ, ಇಲ್ಲವೇ ಕಾಚಿಗುಡಕ್ಕೆ ಬರುವ ರೈಲು ನೋಡಿ. ಮತ್ತೆ, ಇಲ್ಲಿ ಮನೆಯಲ್ಲಿ ಕುಳಿತು ಕಾಯುವವರಿಗೂ ಒಂದು ಕೋರಿಕೆ. ದಾರಿಯಲ್ಲಿರುವವರಿಗೆ ಫೋನ್ ಮಾಡಿ ‘ಎಲ್ಲಿದ್ದೀರಾ, ಊಟಕ್ಕೆ ಬರ್ತೀರಾ’ ಎಂದು ಅವಸರ ಮಾಡಬೇಡಿ. ‘ನಿಧಾನವಾಗಿ ಬನ್ನಿ, ಬೇಕಾದರೆ ನಾಳೆ ಬನ್ನಿ’ ಅನ್ನಿ. ಆ ಒಂದು ಮಾತು ಓಡಿಸುವವರ ಕಾಲನ್ನು ಆಕ್ಸಿಲರೇಟರಿನ ಮೇಲಿಂದ ಸ್ವಲ್ಪ ಎತ್ತುತ್ತದೆ.

ದಸರೆಗೆ, ದೀಪಾವಳಿಗೆ ಎಷ್ಟೋ ಜನ ಊರಿಗೆ ಹೊರಡುವವರಿದ್ದೀರಿ. ಹೋಗಿಬನ್ನಿ, ಅಮ್ಮಂದಿರನ್ನು, ಅತ್ತಿಗೆ ನಾದಿನಿಯರನ್ನು ನೋಡಿಕೊಂಡು ಬನ್ನಿ. ಹೊರಡುವ ಮುಂಚೆ, ಸೀಟ್ ಬೆಲ್ಟ್ ಹಾಕಿಕೊಂಡ ಮೇಲೆ, ಕಾರಿನಲ್ಲಿರುವ ಎಲ್ಲರನ್ನೂ ಕೇಳಿ: ‘ಯಾರಿಗೆ ನಿಲ್ಲಿಸಬೇಕು ಅನ್ನಿಸಿದರೂ ಹೇಳ್ತೀರಲ್ವಾ?’ ಎಲ್ಲರೂ ಹೂಂ ಅಂದ ಮೇಲೆ ಗಾಡಿ ಸ್ಟಾರ್ಟ್ ಮಾಡಿ.